ಹಾಲಿನ ಮನೆಯ ಅಕ್ಕಿ ಹಾಲು

ಕಳೆದ ತಿಂಗಳು ಕೊಲ್ಲಾಪುರದಲ್ಲಿ ಗೆಳತಿಯೊಬ್ಬಳು ನನ್ನನ್ನು ಹೊಸದಾಗಿ ತೆರೆದ ಹೋಟೆಲಿಗೆ ಎಳೆದುಕೊಂಡು ಹೋದಳು. ಗೋಡೆಯ ಮೇಲೆ ಬುಟ್ಟಿಯಷ್ಟಗಲದ ಟೊಪ್ಪಿಗೆಗಳು, ಕಿಟಕಿಯಲ್ಲಿ ಪ್ಲಾಸ್ಟಿಕ್ಕಿನ ಪಾಪಾಸುಕಳ್ಳಿ. ನಮ್ಮ ಹೊಲದ ಬದುವಿನಲ್ಲಿ ಬೇಡವೆಂದರೂ ಬೆಳೆಯುವ ಕಳ್ಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ ಇಡುವವರ ಬುದ್ಧಿಗೆ ಏನೆನ್ನಬೇಕು ಎಂದು ಯೋಚಿಸುತ್ತಿದ್ದಾಗಲೇ ಎತ್ತರದ ಗ್ಲಾಸಿನಲ್ಲಿ ಬೆಳ್ಳಗಿನದೇನೋ ಬಂತು.

"ಇದು ಮೆಕ್ಸಿಕೋದವರದು. ಓರ್ಚಾಟಾ ಅಂತ. ನಮ್ಮ ಕಡೆ ಇದ ಮೊದಲ ಸಲ ಬಂದಿರೂದು" ಎಂದಳು ಗೆಳತಿ, ತಾನೇ ಹಡಗಿನಿಂದ ಇಳಿಸಿಕೊಂಡು ಬಂದವಳ ಹಾಗೆ.

ಗ್ಲಾಸನ್ನು ಮೂಗಿನ ಹತ್ತಿರ ತಂದೆ. ನೆನೆದ ಅಕ್ಕಿ, ಅದರೊಳಗೆ ದಾಲ್ಚಿನ್ನಿ. ಈ ವಾಸನೆಗೆ ಉಳಿದವರಿಗೆ ಏನಾಗುತ್ತದೋ ಗೊತ್ತಿಲ್ಲ, ನನಗೆ ಸಿಟ್ಟು ಬಂತು. ಒಂದು ಗುಟುಕು ಕುಡಿದು ಕೆಳಗಿಟ್ಟೆ. "ಅಕ್ಕಿ ನೆಂದಿಲ್ಲ. ಸೋಸಿದ್ದೂ ಸರಿ ಇಲ್ಲ, ನಾಲಿಗಿಗೆ ಉಸುಕು ಹತ್ತಾಕತ್ತೈತಿ. ಮತ್ತ ಇದು ಮೊದಲ ಬಂದದ್ದು ಇಲ್ಲಿಗಲ್ಲ, ಸದಲಗಾಕ್ಕ. ನಮ್ಮ ಮನಿಗೆ. ಅದರ ಸಲುವಾಗಿ ಒಂದು ಸಂಸಾರ ಒಡಿಯೂದರಾಗಿತ್ತು." ಗೆಳತಿ ನಕ್ಕಳು. ನಾನು ನಗಲಿಲ್ಲ.

ಹಳೆಯದನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರ ಪೈಕಿ ನಾನಲ್ಲ. ಆ ಬೇಸಿಗೆಯಲ್ಲಿ ಸುಂದರವಾದದ್ದು ಏನೂ ಇರಲಿಲ್ಲ. ಕಬ್ಬು ಕಡಿದಾಗಿತ್ತು, ಸುಟ್ಟ ರವದಿಯ, ಅಂದರೆ ಕಬ್ಬಿನ ಒಣಗರಿಯ, ಮಸಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು. ಮಧ್ಯಾಹ್ನ ಕರೆಂಟು ಹೋದರೆ ಎಮ್ಮೆಗಳೂ ನಾವೂ ಒಂದೇ ರೀತಿ ಉಸಿರು ಬಿಡುತ್ತಿದ್ದೆವು. ನಾನು ಚಿಕ್ಕೋಡಿಯಲ್ಲಿ ಡಿಗ್ರಿಯ ಕೊನೆಯ ಪರೀಕ್ಷೆ ಬರೆದು ಮನೆಗೆ ಬಂದಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಢಾಲುಗಳು ಟಿವಿಯ ಪಕ್ಕದ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಅವ್ವ ಅವುಗಳಿಗೆ ಸೊಳ್ಳೆಬತ್ತಿ ಒರಗಿಸುತ್ತಿದ್ದಳು.

ಪುರಾವೆ ಇಲ್ಲದ ಮಾತನ್ನು ನಾನು ಆಗಲೂ ಒಪ್ಪುತ್ತಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಅಂಥವಳು ಹುಟ್ಟಿದ್ದು ಮಾತ್ರ ಹಾಲನ್ನು ದೇವರಿಗಿಂತ ಒಂದು ಮೆಟ್ಟಿಲು ಮೇಲಿಡುವ ಮನೆಯಲ್ಲಿ. ನಮ್ಮೂರ ಹೊಳೆಯ ಹೆಸರೇ ದೂಧಗಂಗಾ. ಬೇಸಿಗೆಯಲ್ಲಿ ಅದರಲ್ಲಿ ಹಾಲಂತಿರಲಿ, ಎಮ್ಮೆ ಮುಳುಗುವಷ್ಟು ನೀರೂ ಇರುವುದಿಲ್ಲ. ಆದರೂ ಹೆಸರಿಗೆ ಯಾರೂ ತಕರಾರು ತೆಗೆದಿಲ್ಲ. ನಮಗೆ ಕಬ್ಬಿನ ಹೊಲವಿತ್ತು, ಆದರೆ ಮನೆಯ ಮಾನವೆಲ್ಲ ಇದ್ದದ್ದು ಎಮ್ಮೆಯ ಕೊಟ್ಟಿಗೆಯಲ್ಲಿ. "ಶಿವಗೊಂಡನ ಕ್ಯಾನಿಗೆ ಮಷೀನ್ ಹಚ್ಚೂದ ಬ್ಯಾಡ, ಹಂಗ ಸುರುವ್ರಿ" ಎಂದು ಹಾಲಿನ ಫ್ಯಾಟ್ ಅಳೆಯುವಾಗ ಡೇರಿಯಲ್ಲಿ ಜನ ಅನ್ನುತ್ತಿದ್ದರು. ಶಿವಗೊಂಡನೆಂದರೆ ನನ್ನ ಅಪ್ಪ. ಹಾಲಿಗೆ ಒಂದು ಹನಿ ನೀರು ಬೆರೆಸಿದವನಲ್ಲ, ಹಾಗೆಯೇ ಆ ಮಾತನ್ನು ಜನ ಮರೆಯಲು ಬಿಟ್ಟವನೂ ಅಲ್ಲ.

ಈ ಮನೆಗೆ ಹಿಂದಿನ ವರ್ಷ ಸವಿತಾ ವೈನಿ ಬಂದಿದ್ದಳು, ಅಣ್ಣನ ಹೆಂಡತಿ. ಅಥಣಿ ಕಡೆಯ ದ್ರಾಕ್ಷಿ ತೋಟದವರ ಮಗಳು. ಸಂಜೆ ಹಾಲು ಹಿಂಡಿದ ಮೇಲೆ ಮೊದಲ ಗ್ಲಾಸು ಸೊಸೆಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಅದು ಪ್ರೀತಿ ಅಂತ ಅವ್ವ ಹೇಳುತ್ತಾಳೆ. ಪ್ರೀತಿಯಾಗಿದ್ದರೆ ಬೇಡ ಅನ್ನುವುದಕ್ಕೂ ಅವಕಾಶ ಇರಬೇಕಿತ್ತು. ವೈನಿ ಮೊದಲ ವಾರವೆಲ್ಲ ಕುಡಿದಳು, ಪ್ರತಿ ರಾತ್ರಿ ಹೊಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಓಡಿದಳು. ಆಮೇಲೆ ಮೆಲ್ಲಗೆ, "ಅತ್ತಿ, ನನಗ ಹಾಲು ಆಗಿ ಬರೂದಿಲ್ರಿ. ಸಣ್ಣಾಕಿ ಇದ್ದಾಗಿಂದ ಹಂಗ" ಎಂದಳು.

"ಹಾಲ ಆಗಿ ಬರೂದಿಲ್ಲಾ?" ಅವ್ವ ಇಡೀ ಓಣಿಗೆ ಕೇಳುವಂತೆ ಅಂದಳು. "ಮತ್ತ ಮಜ್ಜಿಗಿ ಹೆಂಗ ಆಗತೈತಿ? ಗ್ಲಾಸ್ ಮ್ಯಾಲೆ ಗ್ಲಾಸ್ ಕುಡೀತಿ. ಮಜ್ಜಿಗಿ ಎಲ್ಲಿಂದ ಬಂತು, ಬಾವ್ಯಾಗಿಂದ ಸೇದಿ ತಂದದ್ದೇನ?"

ಒಪ್ಪಿಕೊಳ್ಳುತ್ತೇನೆ, ಅದು ಒಳ್ಳೆಯ ಪ್ರಶ್ನೆ. ಸ್ಪರ್ಧೆಯಲ್ಲಿ ಯಾರಾದರೂ ಕೇಳಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಹಾಲು ಹೆಪ್ಪಾಗುವಾಗ ಅದರೊಳಗಿನ ಸಕ್ಕರೆ ಕಡಿಮೆಯಾಗುತ್ತದೆ, ಕೆಲವರ ಹೊಟ್ಟೆಗೆ ಆಗದಿರುವುದು ಆ ಸಕ್ಕರೆಯೇ ಎಂದು ನಾನು ಓದಿ ತಿಳಿದುಕೊಂಡು ಬಂದು ಹೇಳುವಷ್ಟರಲ್ಲಿ ಅವ್ವ ತೀರ್ಪು ಕೊಟ್ಟಾಗಿತ್ತು. ಚಿಕ್ಕೋಡಿಯ ಡಾಕ್ಟರು ಅದನ್ನೇ ಹೇಳಿದರು. ಅವ್ವ ಅವರನ್ನೂ ತಳ್ಳಿಹಾಕಿದಳು: "ಅಂವಾ ಹಾಲ ಹಾಕಿದ ಚಹಾ ಕುಡಿಯೂದು ನಾ ಕಣ್ಣಾರೆ ನೋಡೇನಿ."

"ಅವ್ವಾ, ಡಾಕ್ಟರ್ ಹೊಟ್ಟೀ ವಿಚಾರ ಅಲ್ಲ, ವೈನೀ ಹೊಟ್ಟೀ ವಿಚಾರ."

"ನೀ ಸುಮ್ನಿರ ವಕೀಲಿ. ನಿನ್ನ ಕಾಲೇಜಿನ್ಯಾಗ ಗಂಟಿ ಬಾರಿಸಿದ ಮ್ಯಾಲೆ ಮಾತು ನಿಂದ್ರಸ್ತಿಯಲ್ಲ, ಇಲ್ಲೂ ಗಂಟಿ ಬಡದೇತಿ ಅಂತ ತಿಳಕೋ."

ಅಣ್ಣ ಏನಂದ ಎಂದು ನೀವು ಕೇಳಬಹುದು. ಅಣ್ಣ ಟ್ರ್ಯಾಕ್ಟರ್ ತೊಳೆಯುತ್ತಿದ್ದ. ಮನೆಯಲ್ಲಿ ಮಾತು ಏರಿದಾಗಲೆಲ್ಲ ಅವನ ಟ್ರ್ಯಾಕ್ಟರ್ ಹೊಲಸಾಗುತ್ತಿತ್ತು.

ಬೇಸಿಗೆಯ ಆರಂಭದಲ್ಲಿ ಒಂದು ಎಮ್ಮೆ ಈದಿತು. ಗಿಣ್ಣದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಮೊದಲ ತುಂಡು ಸೊಸೆಯ ತಟ್ಟೆಗೆ ಬಂತು. ಸೊಸೆ ಬಂದ ಮೇಲೆ ಕೊಟ್ಟಿಗೆಯಲ್ಲಿ ಈದ ಮೊದಲ ಎಮ್ಮೆ ಅದು, ಬೇಡ ಅನ್ನುವ ಮಾತೇ ಇರಲಿಲ್ಲ. ವೈನಿ ತಿಂದಳು, ಅದರ ಜೊತೆ ಅತ್ತೆ ಎದುರಿಗೆ ನಿಂತು ಕೊಟ್ಟ ಗ್ಲಾಸನ್ನೂ ಕುಡಿದಳು, ಸಂಜೆಯ ಹೊತ್ತಿಗೆ ಹಿತ್ತಿಲ ಗೋಡೆ ಹಿಡಿದು ನಿಂತಿದ್ದಳು. ಮುಂದಿನ ವಾರ ಆ ಎಮ್ಮೆಯ ಹಾಲು ಕಡಿಮೆಯಾಯಿತು. ಮೇವು ಒಣಗಿತ್ತು, ಬಿಸಿಲು ಏರಿತ್ತು, ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು, ಇಷ್ಟೆಲ್ಲ ಕಾರಣಗಳಿದ್ದವು. ಅವ್ವ ಅವನ್ನೆಲ್ಲ ದಾಟಿ ನೇರವಾಗಿ ಸೊಸೆಯ ಬಾಯಿಗೆ ಬಂದಳು. "ಹಾಲ ಕಂಡ್ರ ಮಾರಿ ಕಿವಚೋರ ಕೈಯಾಗ ಲಕ್ಷ್ಮಿ ನಿಲ್ಲೂದಿಲ್ಲ." ಎರಡು ಘಟನೆ ಒಂದಾದ ಮೇಲೊಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ನಾನು ಕೊಟ್ಟಿಗೆಯಲ್ಲಿ ನಿಂತು ಭಾಷಣ ಮಾಡಿದೆ. ಎಮ್ಮೆ ಕೇಳಿಸಿಕೊಂಡಿತು.

ಅದೇ ವಾರ ಅವ್ವ ಅಥಣಿಗೆ ಫೋನ್ ಮಾಡಿ ಬೀಗರಿಗೆ ಹೇಳಿದಳು: "ಒಮ್ಮೆ ಬಂದು ಹೋಗ್ರಿ. ನಿಮ್ಮ ಮಗಳ ವಿಚಾರ ಕುಂತ ಮಾತಾಡೂದೈತಿ." ನಮ್ಮ ಕಡೆ ಈ ಮಾತಿಗೆ ಒಂದೇ ಅರ್ಥ. ಬಂದವರು ಮಗಳನ್ನು ಕರೆದುಕೊಂಡೇ ವಾಪಸು ಹೋಗುತ್ತಾರೆ, ಮತ್ತೆ ಯಾವಾಗ ಬಿಟ್ಟು ಹೋಗುವುದು ಎಂಬುದನ್ನು ಯಾರೂ ಹೇಳುವುದಿಲ್ಲ. ಅವರು ದ್ರಾಕ್ಷಿ ಒಣಗಿಸುವ ಕೆಲಸ ಮುಗಿಸಿಕೊಂಡು ಬರುವುದಾಗಿ ಹೇಳಿದರು.

ಅಲ್ಲಿಯವರೆಗೆ ನಮಗೆ ಸಮಯವಿತ್ತು. ಹಾಲಿಲ್ಲದ ಹಾಲು ಯಾವುದಿದೆ ಎಂದು ನಾನು ಮೊಬೈಲಿನಲ್ಲಿ ಹುಡುಕಿದೆ. ಬಾದಾಮಿಯದು ಸಾಹುಕಾರರಿಗೆ, ಓಟ್ಸಿನದು ಪಟ್ಟಣದವರಿಗೆ. ಕೊನೆಗೆ ಮೆಕ್ಸಿಕೋದ ಹೆಂಗಸೊಬ್ಬಳು ಅಕ್ಕಿ ತೊಳೆಯುತ್ತಿರುವ ವಿಡಿಯೋ ಸಿಕ್ಕಿತು. ಅವಳ ಮಾತು ಒಂದಕ್ಷರ ತಿಳಿಯಲಿಲ್ಲ, ಕೈ ತಿಳಿಯಿತು. ಅಕ್ಕಿ, ದಾಲ್ಚಿನ್ನಿ, ನೀರು, ಸಕ್ಕರೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ರುಬ್ಬಿ ಸೋಸುವುದು. ವರ್ಷದ ಖಾರ ಕುಟ್ಟಿಸಲು ತಂದಿದ್ದ ಮಸಾಲೆಯೊಳಗಿಂದ ದಾಲ್ಚಿನ್ನಿಯ ಚಕ್ಕೆಗಳನ್ನು ಎಗರಿಸಿದೆ.

ಮೊದಲ ಸಲ ಮನೆಯಲ್ಲಿದ್ದ ಇಂದ್ರಾಯಣಿ ಅಕ್ಕಿ ಹಾಕಿದೆವು. ಅನ್ನ ಮಾಡಿದರೆ ಘಮಘಮಿಸುವ ಮೆತ್ತನೆಯ ಅಕ್ಕಿ, ರುಬ್ಬಿದಾಗ ಅಂಟಾಗಿ ಮಿಕ್ಸರಿನ ಗೋಡೆ ಹಿಡಿದು ಕೂತಿತು. ಅವ್ವ ಇಣುಕಿ ನೋಡಿದಳು. "ಚೆಲ್ಲಬ್ಯಾಡ್ರಿ. ಎಲೆಕ್ಷನ್ ಬಂದಾಗ ಪೋಸ್ಟರ್ ಅಂಟಸಾಕ ಬರತೈತಿ." ಶ್ರೀಖಂಡಕ್ಕೆ ಮೊಸರು ಕಟ್ಟುವ ತೆಳುವಾದ ಅರಿವೆಯನ್ನು ಕೇಳಿದರೆ ಅದನ್ನು ಎತ್ತಿ ತನ್ನ ಟ್ರಂಕಿನಲ್ಲಿಟ್ಟಳು. ನನ್ನ ಹಳೆಯ ಓಢಣಿ ಹರಿದೆವು.

ಎರಡನೆಯ ಸಲ ರೇಶನ್ ಅಕ್ಕಿ. ಇದು ಅಂಟದ ಅಕ್ಕಿ, ಹೇಳಿದ ಮಾತು ಕೇಳಿತು. ನೀರು ಬಿಸಿಮಾಡಿ ಸುರಿದು, ಚಕ್ಕೆ ಮುರಿದು ಹಾಕಿ ಬಿಟ್ಟರೆ ಬೆಳಿಗ್ಗೆ ಅಕ್ಕಿ ಉಗುರಿಗೆ ಪುಡಿಯಾಗುತ್ತಿತ್ತು. ಚಕ್ಕೆಯನ್ನು ತೆಗೆಯದೆ ಜೊತೆಗೇ ರುಬ್ಬಬೇಕು, ಸೋಸುವಾಗ ಹಿಂಡಬಾರದು, ಓಢಣಿಯನ್ನು ಕಟ್ಟಿ ತೂಗುಬಿಟ್ಟು ತಾನಾಗಿ ಇಳಿಯಲು ಬಿಡಬೇಕು. ಹಿಂಡಿದರೆ ಹಿಟ್ಟು ಬರುತ್ತದೆ, ನಾಲಿಗೆಗೆ ತರಿತರಿ ಹತ್ತುತ್ತದೆ. ಇದನ್ನು ವಿಡಿಯೋದವಳು ಹೇಳಿರಲಿಲ್ಲ, ಕೆಡಿಸಿ ಕೆಡಿಸಿ ವೈನಿಯೇ ಕಂಡುಕೊಂಡಳು. ನಾನು ಬೆಲ್ಲ ಹಾಕೋಣವೆಂದೆ. ಕಬ್ಬಿನವರ ಮನೆಯಲ್ಲಿ ಸಕ್ಕರೆಗೆ ಯಾಕೆ ಹೋಗಬೇಕು? ವೈನಿ ಒಪ್ಪಲಿಲ್ಲ.

"ಬೆಲ್ಲ ಹಾಕಿದ್ರ ಕೆಂಪ ಆಗತೈತಿ. ನನಗ ಬೆಳ್ಳಗ ಬೇಕು."

"ಬಣ್ಣ ಕುಡೀತಿಯೇನ ವೈನಿ?"

"ಸಂಜೀಮುಂದ ಕಟ್ಟೀ ಮ್ಯಾಲೆ ಕುಂತಾಗ ಎಲ್ಲಾರ ಕೈಯಾಗ ಬಿಳೀ ಗ್ಲಾಸ್ ಇರತೈತಿ. ನನ್ನ ಕೈಯಾಗೂ ಇರ್ಲಿ. ಯಾರೂ ಏನೂ ಕೇಳಬಾರದು, ಅಷ್ಟ."

ಸಕ್ಕರೆಯನ್ನೇ ಹಾಕಿದೆವು. ಆ ಸಂಜೆ ಅವಳು ಕಟ್ಟೆಯ ಮೇಲೆ ಎಲ್ಲರ ನಡುವೆ ಕೂತು ನಿಧಾನವಾಗಿ ಗುಟುಕರಿಸಿದಳು. ಮದುವೆಯಾಗಿ ಬಂದ ಮೇಲೆ ಅವಳು ಆ ಹೊತ್ತಿನಲ್ಲಿ ಅಲ್ಲಿ ಕೂತದ್ದು ಅಪರೂಪ. ಅವ್ವ ಬಗ್ಗಿ ಗ್ಲಾಸು ಮೂಸಿದಳು. "ಅಕ್ಕಿ ತೊಳದ ನೀರ ಎಮ್ಮಿಗಿ ಇಡ್ತೇವಿ. ಈಗ ಸೊಸಿಗೂ ಅದನ್ನ ಇಟ್ಟೇವಿ ಅಂತ ಬೀಗರಿಗೆ ಗೊತ್ತಾದ್ರ ನಮ್ಮ ಮುಖಕ್ಕ ಉಗುಳ್ತಾರ."

"ಎಮ್ಮಿ ಬೈಯೂದಿಲ್ರಿ ಅತ್ತಿ" ಎಂದಳು ವೈನಿ. ಅವಳು ತಿರುಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಎರಡು ದಿನ ಅಡುಗೆಮನೆಯ ಪಾತ್ರೆಗಳ ಮೂಲಕ ಮಾತ್ರ ಮಾತಾಡಿದಳು.

ಬೀಗರು ಬರುವ ದಿನ ಗೊತ್ತಾಯಿತು. ತನ್ನ ತಂದೆಗೂ ಕುಡಿಸಿ ತೋರಿಸಬೇಕೆಂದು ವೈನಿ ಹಿಂದಿನ ದಿನ ಬೆಳಿಗ್ಗೆಯೇ ಹೆಚ್ಚು ಅಕ್ಕಿ ನೆನೆಹಾಕಿ, ಸಂಜೆಯ ಹೊತ್ತಿಗೆ ಸೋಸಿ ಮುಗಿಸಿದಳು. ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ, ಇದ್ದರೂ ಕರೆಂಟಿನ ಭರವಸೆಯಿರಲಿಲ್ಲ. ನಮ್ಮ ಮನೆಯಲ್ಲಿ ಮುಚ್ಚಳವಿರುವ ಪಾತ್ರೆಯೆಂದರೆ ಹಾಲಿನದೇ. ಒಂದು ಸಣ್ಣ ಕ್ಯಾನಿಗೆ ತುಂಬಿ, ಕೊಟ್ಟಿಗೆಯ ಪಕ್ಕದ ನೀರಿನ ಹೌದಿನಲ್ಲಿ ತಂಪಿಗೆ ನಿಲ್ಲಿಸಿದಳು.

ಇಲ್ಲಿ ನಮ್ಮ ಮನೆಯ ಕೆಲಸದ ರೀತಿಯನ್ನು ಹೇಳಬೇಕು. ಬೆಳಿಗ್ಗೆ ಅವ್ವ ತನ್ನ ಕೈಗೆ ಮಾತ್ರ ಹಾಲಿಳಿಸುವ ಎಮ್ಮೆಯನ್ನು ಮೊದಲು ಹಿಂಡಿ, ಆ ಹಾಲನ್ನು ಸಣ್ಣ ಕ್ಯಾನಿನಲ್ಲಿ ಹೌದಿಗೆ ಇಳಿಸಿ ಹೋಗುತ್ತಾಳೆ. ಅಪ್ಪ ಉಳಿದ ಎಮ್ಮೆಗಳನ್ನು ಮುಗಿಸಿ, ಹೌದಿನಲ್ಲಿರುವ ಕ್ಯಾನನ್ನು ದೊಡ್ಡ ಕ್ಯಾನಿಗೆ ಸುರಿದುಕೊಂಡು ಡೇರಿಗೆ ತನ್ನ ಮೋಟರ್‌ಬೈಕ್ ಗಾಡಿ ಹೊಡೆಯುತ್ತಾನೆ. ಯಾರೂ ಯಾರನ್ನೂ ಕೇಳುವುದಿಲ್ಲ. ಆ ದಿನ ಹೌದಿನಲ್ಲಿ ಎರಡು ಕ್ಯಾನಿದ್ದವು. ನಸುಗತ್ತಲಲ್ಲಿ ಅಪ್ಪ ಎರಡನ್ನೂ ಸುರಿದ. ದಾಲ್ಚಿನ್ನಿಯ ವಾಸನೆ ಬರಲಿಲ್ಲವೇ? ನಿಪ್ಪಾಣಿಯಿಂದ ತರಿಸಿದ ತಪಕೀರನ್ನು ಮೂಗಿಗೆ ಏರಿಸಿ ಏರಿಸಿ ಅಪ್ಪನ ಮೂಗು ಎಂದೋ ಸತ್ತಿತ್ತು. ಎರಡನೆಯ ಕ್ಯಾನು ಕಂಡು, ಅವ್ವನ ಎಮ್ಮೆ ಅಂದು ಜಾಸ್ತಿ ಹಾಲು ಕೊಟ್ಟಿದೆ ಎಂದುಕೊಂಡನೋ ಏನೋ.

ಹಾಲಿಗೆ ಹಿಟ್ಟು ಬೆರೆಸುತ್ತಾರೆ ಎಂಬ ದೂರಿನ ಮೇಲೆ ಅಂದೇ ಮೇಲಿನವರು ಒಬ್ಬ ಸಾಹೇಬನನ್ನು ಡೇರಿಗೆ ಕಳಿಸಿದ್ದರು. ಅಪ್ಪನ ಹಾಲಿನ ಫ್ಯಾಟ್ ಎಂದೂ ಬಾರದಷ್ಟು ಇಳಿದು ಬಂತು. ಸಾಹೇಬ ಹಾಲನ್ನು ಕೊಳವೆಯಲ್ಲಿ ಹಾಕಿ ಕಾಯಿಸಿ ಆರಿಸಿ, ಸಣ್ಣ ಬಾಟಲಿಯಿಂದ ಅಯೋಡಿನ್ ಹನಿ ಬಿಟ್ಟ. ಶುದ್ಧ ಹಾಲಾದರೆ ಹಳದಿ. ಹಿಟ್ಟಿನಂಶವಿದ್ದರೆ ನೀಲಿ.

ಓಣಿಯ ಹುಡುಗನೊಬ್ಬ ಓಡಿ ಬಂದು ಹೇಳಿದಾಗ ಅವ್ವನೂ ನಾನೂ ಚಪ್ಪಲಿ ಮೆಟ್ಟದೆ ಹೋದೆವು. ಇಡೀ ಸಾಲು ಕ್ಯಾನು ಕೆಳಗಿಟ್ಟು ನಿಂತಿತ್ತು. ಸಾಹೇಬನ ಕೈಯಲ್ಲಿ ಶಾಯಿ ಕಲಸಿದಂಥ ನೀಲಿ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ಯಾರನ್ನೂ ನೋಡುತ್ತಿರಲಿಲ್ಲ. ನಮ್ಮ ಪಕ್ಕದ ಹೊಲದ ತಾತ್ಯಾನಿಗೆ ಮಾತ್ರ ಹಬ್ಬ. ಫ್ಯಾಟ್ ಕಡಿಮೆಯಾಯಿತೆಂದು ಎಷ್ಟು ಸಲ ಅಪ್ಪನ ಎದುರಿಗೆ ಬೈಸಿಕೊಂಡಿದ್ದನೋ.

"ಏನೋ ಶಿವಗೊಂಡಾ, ಮಷೀನ್ ಹಚ್ಚಬ್ಯಾಡ್ರಿ ಅಂತಿದ್ದಿ. ಯಾಕಂತ ಇವತ್ತ ತಿಳೀತು ನೋಡು."

ನಾನು ಕ್ಯಾನಿಗೆ ಮೂಗು ಹಾಕಿದೆ. ದಾಲ್ಚಿನ್ನಿ. ಎಲ್ಲವೂ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಪುರಾವೆ ಸತ್ಯವಾಗಿತ್ತು, ಅದರಿಂದ ತೆಗೆದ ತೀರ್ಮಾನ ಸುಳ್ಳಾಗಿತ್ತು. ಇಂಥದ್ದಕ್ಕೇ ನಾನು ತಯಾರಾದವಳು. ನೀರಿನ ಹೌದು, ಎರಡು ಕ್ಯಾನು, ನಸುಗತ್ತಲು, ಅಕ್ಕಿ, ಮೆಕ್ಸಿಕೋ, ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಬೆರೆಸುವವರು ಯಾರಾದರೂ ಮಸಾಲೆ ಹಾಕಿ ಬೆರೆಸುತ್ತಾರೆಯೇ ಎಂದು ಕೇಳಿದೆ. ಸಾಹೇಬ ಕೊಳವೆ ತೊಳೆಯುತ್ತ ಹೇಳಿದ:

"ತಂಗೀ, ಸಿಕ್ಕವರೆಲ್ಲಾ ಒಂದೊಂದ ಕತಿ ಹೇಳ್ತಾರ. ನಿಂದು ಸ್ವಲ್ಪ ದೂರದ ದೇಶದ್ದು ಐತಿ, ಅಷ್ಟ ಫರಕು. ನನಗ ಒಂದ ಹೇಳು. ಇಷ್ಟ ಎಮ್ಮಿ ಕಟ್ಟಿದ ಮನ್ಯಾಗ ಅಕ್ಕೀ ಹಾಲ ಯಾರಿಗೆ ಬೇಕಾಗಿತ್ತು?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ನಾನು ಅವ್ವನನ್ನು ನೋಡಿದೆ. ಒಂದು ವರ್ಷದಿಂದ ಸುಳ್ಳು ಎಂದದ್ದನ್ನು ಈಗ ಅವಳು ಇಡೀ ಡೇರಿಯ ಮುಂದೆ ನಿಜವೆಂದರೆ ಮಾತ್ರ ಕ್ಯಾನಿನ ಮಾನ ಉಳಿಯುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

"ನಮ್ಮ ಸೊಸಿಗೆ ಹಾಲು ಆಗಿ ಬರೂದಿಲ್ರಿ" ಎಂದಳು ಅವ್ವ. ಕಲ್ಲು ಉಗುಳಿದ ಹಾಗೆ.

ಸಾಲು ನಕ್ಕಿತು. ಹಾಲಿನವರ ಮನೆಗೆ ಹಾಲು ದಕ್ಕದ ಸೊಸೆ! ತಾತ್ಯಾ ಇದನ್ನೇ ಕಾಯುತ್ತಿದ್ದ. "ಹಂಗಾದ್ರ ಪರೀಕ್ಷಾ ಮಾಡೂಣಲ್ಲ. ಕರೀರಿ ಆಕಿನ್ನ. ಎಲ್ಲಾರ ಮುಂದ ಒಂದ ಗ್ಲಾಸ್ ಕುಡೀಲಿ. ಹೊಟ್ಟಿ ಕೆಟ್ರ ನೀವು ಖರೆ, ಇಲ್ಲಂದ್ರ ಸಾಹೇಬ್ರು ಖರೆ. ಏನವಾ ವಿದ್ಯಾ, ಪುರಾವೆ ಪುರಾವೆ ಅಂತೀಯಲ್ಲ, ಇದಕ್ಕಿಂತ ಚಲೋ ಪುರಾವೆ ಎಲ್ಲಿ ಸಿಗತೈತಿ?"

ಕರೆಯುವ ಅಗತ್ಯವಿರಲಿಲ್ಲ. ವೈನಿ ಆಗಲೇ ಬಂದು ಹಿಂದೆ ನಿಂತಿದ್ದಳು, ಕೈಯಲ್ಲಿ ಸೋಸಿದ ಓಢಣಿ, ಅದರೊಳಗೆ ಅಕ್ಕಿಯ ಗಸಿ, ತೋರಿಸಲೆಂದು ತಂದದ್ದು. ಅದನ್ನು ಯಾರೂ ನೋಡಲಿಲ್ಲ. ಅವಳು ಅದನ್ನು ನನ್ನ ಕೈಗೆ ಕೊಟ್ಟು ಮುಂದೆ ಬಂದಳು. ಯಾರೋ ತಮ್ಮ ಕ್ಯಾನಿನಿಂದ ಗ್ಲಾಸು ತುಂಬಿದರು.

"ಕೊಡ್ರಿ" ಎಂದಳು.

ತಾತ್ಯಾನ ಮಾತಿನಲ್ಲಿ ತರ್ಕದ ತಪ್ಪು ಇರಲಿಲ್ಲ. ಆ ತಪ್ಪನ್ನು ಹುಡುಕುತ್ತ ನಾನು ಒದ್ದೆ ಓಢಣಿ ಹಿಡಿದು ನಿಂತೇ ಇದ್ದೆ. ಇಡೀ ಊರ ಗಂಡಸರು ಒಬ್ಬ ಹೆಂಗಸಿನ ಹೊಟ್ಟೆ ಯಾವಾಗ ಕೆಡುತ್ತದೆಂದು ಕಾಯುತ್ತ ನಿಲ್ಲುವುದು ಎಂಥ ಪುರಾವೆ ಎಂದು ಕೇಳಬಹುದಿತ್ತು. ಆ ವಾಕ್ಯ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಅವ್ವ ಗ್ಲಾಸಿಗೆ ಕೈ ಹಾಕಿದಳು. ವೈನಿ ಬಿಡಲಿಲ್ಲ. ಇಬ್ಬರೂ ಒಂದು ಕ್ಷಣ ಜಗ್ಗಾಡಿದರು, ನೋಡಿದವರು ಅತ್ತೆಯೇ ಕುಡಿಸುತ್ತಿದ್ದಾಳೆಂದು ತಿಳಿಯುವಂತೆ. ಆಮೇಲೆ ಅವ್ವ ಅದನ್ನು ಕಿತ್ತುಕೊಂಡು ಗಟಾರಕ್ಕೆ ಚೆಲ್ಲಿದಳು. ಕ್ಯಾನಿನ ಅಂಚಿನ ನೊರೆಯನ್ನೂ ಬೆರಳಿನಿಂದ ಬಳಿದು ನೆಕ್ಕುವವಳು, ತುಂಬಿದ ಗ್ಲಾಸು ಚೆಲ್ಲಿದಳು.

"ಸಾಹೇಬ್ರ, ನಮ್ಮ ಹಾಲಿನ್ಯಾಗ ಹಿಟ್ಟ ಐತಿ ಅಂತ ಬರ್ಕೋರಿ. ಕ್ಯಾನ್ ವಾಪಸ್ ಕಳಸ್ರಿ. ನಮ್ಮ ಸೊಸೀ ಹೊಟ್ಟಿ ನಿಮ್ಮ ಕೊಳವಿ ಅಲ್ಲ." ಆಮೇಲೆ ತಾತ್ಯಾನ ಕಡೆ ತಿರುಗಿದಳು. "ಮತ್ತ ನೀ. ನಿನ್ನ ಹೆಂಡತೀನ್ನ ತಂದು ನಿಂದ್ರಸು ಇಲ್ಲಿ, ಆಕಿ ಹೊಟ್ಟ್ಯಾಗ ಏನೇನೈತಿ ಎಲ್ಲಾರೂ ನೋಡೂಣು."

ಹಾಲು ಗಟಾರದ ಪಾಲಾಯಿತು. ಮೇಲಿನವರು ಹೇಳಿ ಕಳಿಸುವ ತನಕ ನಮ್ಮ ಕ್ಯಾನು ಡೇರಿಗೆ ಬರಕೂಡದು ಎಂದಾಯಿತು. ಅಪ್ಪ ಖಾಲಿ ಕ್ಯಾನನ್ನು ಗಾಡಿಗೆ ಕಟ್ಟಿ, ಗಾಡಿ ಹತ್ತದೆ ತಳ್ಳಿಕೊಂಡು ಮನೆಗೆ ಬಂದ.

ಮಧ್ಯಾಹ್ನ ಬೀಗರು ಬಂದರು, ಒಣದ್ರಾಕ್ಷಿಯ ಚೀಲ ಹಿಡಿದುಕೊಂಡು. ಕೂತವರೇ, "ಏನೋ ಮಾತಾಡೂದೈತಿ ಅಂದ್ರೆಲ್ಲ" ಎಂದರು. ಈಗ ಅವ್ವ ಹೇಳುತ್ತಾಳೆ, ನಿಮ್ಮ ಮಗಳು ಹೇಳಿದ್ದು ನಿಜ, ತಪ್ಪಾಯಿತು ಅನ್ನುತ್ತಾಳೆ ಎಂದು ನಾನು ಬಾಗಿಲಲ್ಲಿ ನಿಂತು ಕಾದೆ.

"ಏನೂ ಇಲ್ರಿ ಬೀಗರ. ಊಟ ಮಾಡ್ರಿ."

"ಏನೂ ಇಲ್ಲ ಅಂದ್ರ ಹೆಂಗ ಅವ್ವಾ?" ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಡೇರೀ ಮುಂದ ಒಪ್ಪಿದ್ದು ಮನ್ಯಾಗ ಒಪ್ಪಾಕ ಏನ ತ್ರಾಸು? ಕ್ಯಾನ್ ಉಳಸ್ಕೊಳ್ಳಾಕ ಹೇಳಿದ್ದಾ, ಖರೆ ಅಂತ ಹೇಳಿದ್ದಾ?"

"ಬಂದವ್ರ ಮುಂದ ಬಾಯಿ ಮಾಡಬ್ಯಾಡ."

ಅಷ್ಟರಲ್ಲಿ ವೈನಿ ಒಳಗಿಂದ ತನ್ನ ಬಟ್ಟೆಯ ಚೀಲ ತಂದು ತಂದೆಯ ಪಕ್ಕದಲ್ಲಿಟ್ಟಳು. ಅಳುತ್ತಿರಲಿಲ್ಲ. "ನಾನೂ ಬರ್ತೀನಿ ಅಪ್ಪಾ." ಆಮೇಲೆ ಅವ್ವನಿಗೆ: "ಅತ್ತಿ, ನೀವು ಗ್ಲಾಸ್ ಕಸ್ಕೊಂಡ್ರಿ, ಅದು ನನಗ ಗೊತ್ತೈತಿ. ಆದ್ರ ಒಂದ ವರ್ಷ ನಾ ಈ ಮನ್ಯಾಗ ಹೇಳಿದ್ದನ್ನ ನೀವು ಊರ ಮುಂದ ಹೇಳಿದ್ರಿ, ನನ್ನ ಮುಂದ ಹೇಳಲಿಲ್ಲ." ಊಟ ಮಾಡಿಯೇ ಹೋದರು. ಅಣ್ಣ ಬಸ್‌ಸ್ಟ್ಯಾಂಡಿನವರೆಗೆ ಟ್ರ್ಯಾಕ್ಟರಿನಲ್ಲಿ ಬಿಟ್ಟು ಬಂದ, ಬಂದವನು ಅದನ್ನು ತೊಳೆಯಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಹಾಲು ಉಕ್ಕಿ ಹರಿಯಿತು. ಡೇರಿ ಬೇಡವೆಂದ ಹಾಲನ್ನು ಅವ್ವ ಖವಾ ಮಾಡಿದಳು, ತುಪ್ಪ ಮಾಡಿದಳು. ಒಲೆ ಆರುತ್ತಿರಲಿಲ್ಲ. ತಿನ್ನುವವರಿರಲಿಲ್ಲ, ಓಣಿಯವರು ಹಿಟ್ಟಿನ ಖವಾ ಎಂದು ನಗಾಡಿ ತೆಗೆದುಕೊಳ್ಳಲಿಲ್ಲ. ತುಪ್ಪದ ಜಿಡ್ಡಿನ ವಾಸನೆ ಹಾಸಿಗೆಗೂ ಹತ್ತಿತ್ತು. ನಾನು ಅವ್ವನನ್ನು ಬಿಡಲಿಲ್ಲ. ಕ್ಷಮೆ ಕೇಳು ಎಂದೆ, ಫೋನ್ ಹಚ್ಚಿ ಕೊಡುತ್ತೇನೆ ಎಂದೆ, ಒಂದು ವಾಕ್ಯ ಸಾಕು ಎಂದೆ, ಆ ವಾಕ್ಯವನ್ನು ನಾನೇ ರಚಿಸಿಕೊಟ್ಟೆ. ಅವ್ವ ಖವಾ ತಿರುವುತ್ತಿದ್ದಳು. ಒಮ್ಮೆ ಸೌಟು ಎತ್ತಿದಳು, ನನಗೆ ಹೊಡೆಯುತ್ತಾಳೆ ಅಂದುಕೊಂಡೆ, ಅದನ್ನು ಬಾಣಲೆಯ ಅಂಚಿಗೆ ಬಡಿದು ಮತ್ತೆ ತಿರುವತೊಡಗಿದಳು.

ಮೊದಲ ಮಳೆ ಗುಡುಗಿನೊಂದಿಗೆ ಬಂದು ರವದಿಯ ಮಸಿಯನ್ನೆಲ್ಲ ತೊಳೆಯಿತು. ಮರುದಿನ ಅವ್ವ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು. ಅಥಣಿಗೆ ಹೋಗುತ್ತೇನೆ ಎಂದಳು. ನಾನೂ ಚಪ್ಪಲಿ ಹಾಕಿಕೊಂಡೆ.

"ನೀ ಬರಬ್ಯಾಡ."

"ಯಾಕ? ಏನ ಮಾತಾಡಬೇಕಂತ ನಿನಗ ಗೊತ್ತೈತೇನ?"

"ಇಲ್ಲ. ಅದಕ್ಕ ನೀ ಬರಬ್ಯಾಡ."

ಅಪ್ಪನನ್ನೂ ಕರೆದುಕೊಳ್ಳಲಿಲ್ಲ, ಅಣ್ಣನನ್ನೂ ಕರೆದುಕೊಳ್ಳಲಿಲ್ಲ. ಎರಡು ಬಸ್ಸು ಬದಲಿಸಿ ಹೋಗುವ ದಾರಿ, ಅವ್ವ ಒಬ್ಬಳೇ ಅಷ್ಟು ದೂರ ಹೋದವಳಲ್ಲ. ಸಂಜೆ ಬರಲಿಲ್ಲ. ಮಾರನೆಯ ದಿನ ಹೊತ್ತು ಇಳಿಯುವಾಗ ಇಬ್ಬರೂ ಬಂದರು, ಕೆಸರು ಕಾಲಲ್ಲಿ, ವೈನಿ ಮುಂದೆ, ಅವ್ವ ಚೀಲ ಹಿಡಿದು ಹಿಂದೆ. ಅವ್ವ ನೇರ ಕೊಟ್ಟಿಗೆಗೆ ಹೋದಳು. ಸಂಜೆಯ ಹಾಲಿನ ಮೊದಲ ಗ್ಲಾಸನ್ನು ಯಾರಿಗೂ ಕೊಡಲಿಲ್ಲ, ತಾನೇ ನಿಂತು ಕುಡಿದಳು.

ಡೇರಿಯವರು ಮಳೆಗಾಲದಲ್ಲಿ ನಮ್ಮ ಕ್ಯಾನನ್ನು ಮತ್ತೆ ತೆಗೆದುಕೊಂಡರು. ಪ್ರತಿ ದಿನ ಮಷೀನ್ ಹಚ್ಚಿಯೇ ತೆಗೆದುಕೊಳ್ಳುತ್ತಾರೆ, ಇವತ್ತಿಗೂ. ಅಪ್ಪ ಆ ಮಾತನ್ನು ಮತ್ತೆ ಎತ್ತಿಲ್ಲ.

ಅಥಣಿಯಲ್ಲಿ ಏನು ನಡೆಯಿತು ಎಂಬುದು ನನಗೆ ಬೇಕಿತ್ತು. ಮರುದಿನ ಬೆಳಿಗ್ಗೆ ವೈನಿ ನೆನೆದ ಅಕ್ಕಿಯನ್ನು ಬಸಿಯುತ್ತಿದ್ದಾಗ ಅಡುಗೆಮನೆಯ ಬಾಗಿಲು ಹಿಡಿದು ನಿಂತೆ.

"ಅವ್ವ ಕ್ಷಮಾ ಕೇಳಿದ್ಲೇನ?"

"ಇಲ್ಲ."

"ತಪ್ಪಾತು ಅಂದ್ಲೇನ?"

"ಅದೂ ಇಲ್ಲ."

"ಮತ್ತ ಯಾವ ಆಧಾರದ ಮ್ಯಾಲೆ ತಿರುಗಿ ಬಂದಿ ವೈನಿ?"

ವೈನಿ ಅಕ್ಕಿಯನ್ನೂ ನೆನೆದ ಚಕ್ಕೆಯನ್ನೂ ಮಿಕ್ಸರಿಗೆ ಹಾಕಿದಳು. "ಅತ್ತಿ ನಮ್ಮ ಅಪ್ಪನ ಮುಂದ ನೆಲಕ್ಕ ಕುಂತು, ಸವಿತಾ, ನಿನಗ ಏನೇನ ಆತು ಎಲ್ಲಾ ಹೇಳು ಅಂದ್ರು. ನಾ ಹೇಳಿದೆ. ಊಟದ ಹೊತ್ತ ದಾಟೋ ತನಕ ಹೇಳಿದೆ. ಕೆಟ್ಟದ್ದೂ ಹೇಳಿದೆ. ನಡುವ ಒಂದ ಸಲಾನೂ ಬಾಯಿ ಹಾಕಲಿಲ್ಲ. ನಿಮ್ಮ ಮನ್ಯಾಗ ಹಂಗ ಯಾರೂ ನನ್ನ ಮಾತ ಕೇಳಿರಲಿಲ್ಲ ವಿದ್ಯಾ."

ಅವ್ವ ಬೇಕಂತಲೇ ಮಾತಿನಿಂದ ತಪ್ಪಿಸಿಕೊಂಡಿದ್ದಾಳೆ ಎಂಬುದು ನನಗೆ ಸ್ಪಷ್ಟವಾಗಿ ಕಂಡಿತು. ಕೇಳುವುದು ಒಪ್ಪಿದ ಹಾಗಲ್ಲ. ಮೌನವನ್ನು ಯಾವ ತೀರ್ಪುಗಾರನೂ ಉತ್ತರವೆಂದು ಎಣಿಸುವುದಿಲ್ಲ. ಇವತ್ತಿಗೂ ನನ್ನ ಅಭಿಪ್ರಾಯ ಅದೇ.

"ಆದ್ರ ವೈನಿ," ಎಂದು ಶುರು ಮಾಡಿದೆ.

ವೈನಿ ಮಿಕ್ಸರಿನ ಮುಚ್ಚಳ ಒತ್ತಿ ಹಿಡಿದು ಬಟನ್ ತಿರುಗಿಸಿದಳು.